ಸವೆದ ಮೊಣಕಾಲು ದಿಢೀರನೆ ಬಾತಾಗ: ಮನೆಯಲ್ಲಿ ಏನು ನೋಡಬೇಕು, ಯಾವಾಗ ಆಸ್ಪತ್ರೆಗೆ ಹೋಗಬೇಕು

ಮೊಣಕಾಲು ಸವೆತ ಇರುವವರಿಗೆ ನೋವು ಎಲ್ಲ ದಿನವೂ ಒಂದೇ ಸಮ ಇರುವುದಿಲ್ಲ. ತಿಂಗಳುಗಟ್ಟಲೆ ಹೇಗೋ ನಡೆಯುತ್ತಿದ್ದ ಕಾಲು, ಹತ್ತಿ ಹೊಲದಲ್ಲಿ ನಾಲ್ಕು ದಿನ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆದ ಮೇಲೆ, ಇಲ್ಲವೇ ಅಂಜನಾದ್ರಿ ಬೆಟ್ಟದ ಮೆಟ್ಟಿಲು ಹತ್ತಿಳಿದ ಮರುದಿನ, ದಪ್ಪಗಾಗಿ ಬಿಸಿಯಾಗಿ ಮಡಚಲು ಬಾರದಂತಾಗುತ್ತದೆ. ಸವೆತ ಜಾಸ್ತಿಯಾಯಿತು ಎಂದು ಮನೆಯವರು ಗಾಬರಿಯಾಗುತ್ತಾರೆ. ಆದರೆ ನಾಲ್ಕು ದಿನದಲ್ಲಿ ಕೀಲು ಅಷ್ಟು ಸವೆಯುವುದಿಲ್ಲ. ಕೆರಳಿರುವುದು ಕೀಲಿನ ಒಳಪೊರೆ.

ಕೀಲಿನ ಸುತ್ತ ಒಂದು ಚೀಲವಿದೆ. ಅದರ ಒಳಮೈಯ ತೆಳುಪೊರೆಗೆ ವೈದ್ಯರು ಸೈನೋವಿಯಂ ಎನ್ನುತ್ತಾರೆ, ಅದಕ್ಕೆ ಉರಿಯೂತ ಬಂದರೆ ಸೈನೋವೈಟಿಸ್. ಕೀಲು ಜಾರಲು ಬೇಕಾದ ದ್ರವವನ್ನು ಒಸರಿಸುವುದು ಈ ಪೊರೆಯ ಕೆಲಸ. ಆರೋಗ್ಯದ ಮೊಣಕಾಲಿನಲ್ಲಿ ಆ ದ್ರವ ಇರುವುದು 3–4 ಎಂ.ಎಲ್. ಮಾತ್ರ. ಮೂಳೆಯ ತುದಿಗೆ ಹೊದಿಕೆಯಂತಿರುವ ನುಣುಪಾದ ಮೃದ್ವಸ್ಥಿ ಸವೆದು ಅದರ ಸಣ್ಣ ಚೂರುಗಳು ದ್ರವಕ್ಕೆ ಬಿದ್ದಾಗ ಪೊರೆಯ ರಕ್ಷಣಾ ಕೋಶಗಳು ಅವನ್ನು ತೆರವು ಮಾಡಲು ಮುಂದಾಗುತ್ತವೆ, ಉರಿಯೂತದ ರಾಸಾಯನಿಕಗಳನ್ನು ಬಿಡುತ್ತವೆ. ಪೊರೆ ದಪ್ಪಗಾಗುತ್ತದೆ, ದ್ರವ ಹೆಚ್ಚುತ್ತದೆ, ಆದರೆ ತೆಳ್ಳಗಾಗಿ ಜಾರುವ ಗುಣ ಕಳೆದುಕೊಳ್ಳುತ್ತದೆ. ಅದೇ ರಾಸಾಯನಿಕಗಳು ಉಳಿದ ಮೃದ್ವಸ್ಥಿಯನ್ನೂ ಕೊರೆಯುತ್ತವೆ. ಮೃದ್ವಸ್ಥಿಯಲ್ಲಿ ನೋವಿನ ನರಗಳಿಲ್ಲ, ಪೊರೆಯಲ್ಲಿ ಬೇಕಾದಷ್ಟಿವೆ. ಹಾಗಾಗಿ ಎಕ್ಸ್‌ರೇಯಲ್ಲಿ ಸವೆತ ಅಷ್ಟೇ ಇದ್ದರೂ ನೋವು ಮಾತ್ರ ಏರಿಳಿಯುತ್ತದೆ. ಸವೆದದ್ದನ್ನು ಮತ್ತೆ ಬೆಳೆಸುವ ಔಷಧಿ ಇನ್ನೂ ಬಂದಿಲ್ಲ, ಕೆರಳಿದ ಪೊರೆಯನ್ನು ತಣಿಸುವುದು ಮಾತ್ರ ಸಾಧ್ಯವಿದೆ. ಈ ಬರಹ ಅದಕ್ಕಾಗಿ.

ಇವುಗಳಲ್ಲಿ ಒಂದಿದ್ದರೂ ಮೊದಲು ಆಸ್ಪತ್ರೆ

ಕೀಲು ಕೆಲವೇ ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಕೆಂಪಗಾಗಿ ಸುಡುತ್ತಿದೆ, ಸ್ವಲ್ಪ ಅಲುಗಾಡಿಸಿದರೂ ಕಿರುಚುವಷ್ಟು ನೋವು, ಜೊತೆಗೆ ಜ್ವರ ಅಥವಾ ಚಳಿ ನಡುಕ: ಇದು ಕೀಲಿನೊಳಗೆ ಕೀವಾಗಿರುವ ಲಕ್ಷಣ ಇರಬಹುದು. ತಡವಾದಷ್ಟೂ ಮೃದ್ವಸ್ಥಿ ಕರಗುತ್ತದೆ, ಸೋಂಕು ರಕ್ತಕ್ಕೆ ಹರಡಿದರೆ ಜೀವಕ್ಕೇ ಅಪಾಯ. ಸಕ್ಕರೆ ಕಾಯಿಲೆಯವರು, ಸ್ಟಿರಾಯ್ಡ್ ಗುಳಿಗೆ ತಿನ್ನುವವರು, ಇತ್ತೀಚೆಗೆ ಮೊಣಕಾಲಿಗೆ ಸೂಜಿ ಹಾಕಿಸಿಕೊಂಡವರು ಮತ್ತು ವಯಸ್ಸಾದವರಲ್ಲಿ ಜ್ವರ ಬಾರದೆಯೂ ಕೀವಾಗಬಹುದು. ಇಂಥವರು ಬೆಳಗಾಗಲಿ ಎಂದು ಕಾಯಬಾರದು.

ಬಿದ್ದು ಪೆಟ್ಟಾದ ಮೇಲೆ ಒಂದೆರಡು ಗಂಟೆಯಲ್ಲೇ ಬಾತು ಕಾಲೂರಲು ಆಗದಿದ್ದರೆ ಒಳಗೆ ರಕ್ತ ತುಂಬಿರಬಹುದು, ಮೂಳೆ ಬಿರುಕು ಬಿಟ್ಟಿರಬಹುದು. ಮೀನಖಂಡ ಬಾತು ನೋವಾಗುತ್ತಿದ್ದು, ಎದೆನೋವು ಅಥವಾ ಏದುಸಿರು ಸೇರಿಕೊಂಡರೆ 108ಕ್ಕೆ ಕರೆ ಮಾಡಿ. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯಲ್ಲಿ ಜನ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು ಆಸ್ಪತ್ರೆಯಂಥ ದೊಡ್ಡ ಕಡೆ ಹೋದರೆ ಮೂಳೆ ತಜ್ಞರೂ ಪ್ರಯೋಗಾಲಯವೂ ಒಂದೇ ಆವರಣದಲ್ಲಿ ಸಿಗುತ್ತವೆ.

"ಮೊಣಕಾಲು ಬಾತೈತಿ"

ಮೊದಲು ನಿಜಕ್ಕೂ ಒಳಗೆ ನೀರು ತುಂಬಿದೆಯೇ ನೋಡಬೇಕು. ದಪ್ಪ ಮೈಯವರಲ್ಲಿ ಮೊಣಕಾಲಿನ ಒಳಬದಿಯ ಕೊಬ್ಬು ಬಾವಿನಂತೆ ಕಾಣುತ್ತದೆ. ಸವೆತ ಹಳೆಯದಾಗಿದ್ದರೆ ಅಂಚಿನ ಮೂಳೆಯೇ ಬೆಳೆದು ಗಟ್ಟಿ ಉಬ್ಬು ಬಂದಿರುತ್ತದೆ. ಈ ಎರಡೂ ರಾತ್ರೋರಾತ್ರಿ ಬರುವುದಿಲ್ಲ.

ಪರೀಕ್ಷೆಗೆ ದುಡ್ಡು ಬೇಡ. ಚಾಪೆಯ ಮೇಲೆ ಅಂಗಾತ ಮಲಗಿ, ಎರಡೂ ಕಾಲು ಚಾಚಿ, ತೊಡೆಯ ಬಿಗಿ ಪೂರ್ತಿ ಬಿಡಿ. ಚಿಪ್ಪಿನ ಎರಡೂ ಪಕ್ಕ ಸಣ್ಣ ಗುಳಿ ಕಾಣಬೇಕು. ಒಂದು ಕಾಲಿನಲ್ಲಿ ಗುಳಿ ಮುಚ್ಚಿಹೋಗಿದ್ದರೆ ಅದು ಮೊದಲ ಗುರುತು. ಈಗ ಮನೆಯವರಲ್ಲಿ ಒಬ್ಬರು ಅಂಗೈಯಿಂದ ಮೊಣಕಾಲಿನ ಒಳಬದಿಯನ್ನು ಕೆಳಗಿನಿಂದ ತೊಡೆಯ ಕಡೆಗೆ ಎರಡು ಮೂರು ಸಲ ನಿಧಾನವಾಗಿ ಸವರಲಿ. ಒಳಬದಿಯ ಗುಳಿ ಖಾಲಿಯಾಗುತ್ತದೆ. ತಕ್ಷಣ ಹೊರಬದಿಯನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಸವರಿ, ಒಳಬದಿಯ ಮೇಲೆ ಕಣ್ಣಿಡಲಿ. ಅಲ್ಲಿ ಸಣ್ಣ ಅಲೆಯೊಂದು ಉಬ್ಬಿ ಬಂದರೆ ಸ್ವಲ್ಪ ಪ್ರಮಾಣದ ನೀರು ಇದೆ ಎಂದರ್ಥ. ನೀರು ಹೆಚ್ಚಾಗಿದ್ದರೆ ಇನ್ನೊಂದು ವಿಧಾನ: ಎಡಗೈಯಿಂದ ಚಿಪ್ಪಿನ ಮೇಲ್ಭಾಗದ ತೊಡೆಯನ್ನು ಒತ್ತಿ ಹಿಡಿದು, ಬಲಗೈಯ ಎರಡು ಬೆರಳಿಂದ ಚಿಪ್ಪನ್ನು ನೆಲದ ಕಡೆಗೆ ತಳ್ಳಿ. ತೇಲುತ್ತಿರುವ ಚಿಪ್ಪು ಕೆಳಗಿಳಿದು ಟಕ್ ಎಂದು ಮೂಳೆಗೆ ತಾಗಿದ ಅನುಭವ ಬರುತ್ತದೆ. ಕೀಲು ಬಿಗಿದು ತುಂಬಿಕೊಂಡಿದ್ದರೆ ಎರಡು ಗುರುತೂ ಸಿಗುವುದಿಲ್ಲ, ಆದರೆ ಆಗ ಬಾವು ಕಣ್ಣಿಗೇ ಕಾಣುತ್ತದೆ.

ದರ್ಜಿಯ ಟೇಪಿನಿಂದ ಚಿಪ್ಪಿನ ನಡುಮಧ್ಯಕ್ಕೆ ಸುತ್ತಳತೆ ತೆಗೆದು ಎರಡೂ ಕಾಲಿನದನ್ನು ಬರೆದಿಡಿ. ಬೆಳಿಗ್ಗೆ ಎದ್ದ ಮೇಲೆ, ಮಲಗಿದ್ದಂತೆಯೇ ಅಳೆಯಬೇಕು. ಒಂದು ಸೆಂಟಿಮೀಟರ್‌ಗಿಂತ ಕಡಿಮೆ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಟೇಪು ಸ್ವಲ್ಪ ಸರಿದರೂ ಅಷ್ಟು ಬದಲಾಗುತ್ತದೆ. ಈ ಚೀಟಿ ವೈದ್ಯರಿಗೆ ತುಂಬ ಉಪಯೋಗ. "ಹೋದ ವಾರಕ್ಕಿಂತ ಕಮ್ಮಿ ಆಗೈತ್ರಿ" ಎಂಬ ಮಾತಿಗಿಂತ ಎರಡು ಅಳತೆ ಹೆಚ್ಚು ಹೇಳುತ್ತವೆ.

ಮುಟ್ಟಿದರೆ ಬಿಸಿ

ಅಂಗೈಯ ಹಿಂಬದಿಯಿಂದ ತೊಡೆ, ಚಿಪ್ಪು, ಮೊಣಕಾಲ ಕೆಳಗಿನ ಕಾಲು ಈ ಮೂರನ್ನೂ ಮುಟ್ಟಿ ನೋಡಿ. ಆರೋಗ್ಯದ ಕಾಲಿನಲ್ಲಿ ಚಿಪ್ಪಿನ ಮೇಲಿನ ಚರ್ಮ ಉಳಿದ ಎರಡಕ್ಕಿಂತ ತಣ್ಣಗಿರುತ್ತದೆ. ಮೂರೂ ಒಂದೇ ಬಿಸಿ ಇದ್ದರೂ ಅದು ಕೆರಳಿಕೆಯ ಲಕ್ಷಣವೇ. ಬಿಸಿಲಿನಿಂದ ಬಂದ ಕೂಡಲೇ, ಕಾವು ಕೊಟ್ಟ ಮೇಲೆ, ಉರಿಯುವ ಮುಲಾಮು ಹಚ್ಚಿದ ಮೇಲೆ ನೋಡಬಾರದು. ನೆರಳಿನಲ್ಲಿ ಹತ್ತು ನಿಮಿಷ ಕಾಲು ಬಿಚ್ಚಿಟ್ಟು ನೋಡಿ. ಸವೆತದ ಉರಿಯೂತದಲ್ಲಿ ಬಿಸಿ ಇರುತ್ತದೆ, ಆದರೆ ಸೌಮ್ಯವಾಗಿರುತ್ತದೆ. ಚರ್ಮ ಕೆಂಪಗಾಗುವುದು ಸವೆತದ ಲಕ್ಷಣವಲ್ಲ. ಕೆಂಪು ಕಂಡರೆ ಕೀವು ಅಥವಾ ಹರಳಿನ ಕಾಯಿಲೆಯನ್ನು ಮೊದಲು ಯೋಚಿಸಬೇಕು.

ರಾತ್ರಿ ಸರಿಯಾಗಿ ಮಲಗಿದವರು ನಸುಕಿಗೆ ತಡೆಯಲಾರದ ನೋವಿಗೆ ಎಚ್ಚೆತ್ತರೆ, ಹಿಂದೆ ಕಾಲಿನ ಹೆಬ್ಬೆರಳಿಗೂ ಹೀಗಾಗಿದ್ದರೆ, ಯೂರಿಕ್ ಆಮ್ಲದ ಹರಳಿನ ಗೌಟ್ ಇರಬಹುದು. ಮೂತ್ರ ಹೆಚ್ಚಿಸುವ ಬಿಪಿ ಗುಳಿಗೆ ತಿನ್ನುವವರಲ್ಲಿ ಇದು ಹೆಚ್ಚು. ಅರವತ್ತು ದಾಟಿದವರ ಮೊಣಕಾಲಿನಲ್ಲಿ ಕ್ಯಾಲ್ಸಿಯಂ ಹರಳುಗಳೂ ಹೀಗೇ ಕಾಟ ಕೊಡುತ್ತವೆ, ಸವೆದ ಕೀಲಿನಲ್ಲೇ ಅವು ಸೇರಿಕೊಂಡಿರುತ್ತವೆ.

ಸೌಮ್ಯ ಬಿಸಿ, ಬಾವು ಮಾತ್ರ ಇದ್ದು ಮೇಲಿನ ಅಪಾಯದ ಲಕ್ಷಣ ಯಾವುದೂ ಇಲ್ಲದಿದ್ದರೆ ಮೊದಲ ಮೂರು ದಿನ ಮನೆಯಲ್ಲೇ ಮಾಡಬೇಕಾದದ್ದು ಇಷ್ಟು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ, ದಿನಕ್ಕೆ ಮೂರು ನಾಲ್ಕು ಸಲ, ನಡುವೆ ಎರಡು ಗಂಟೆಯಾದರೂ ಬಿಡುವಿರಲಿ. ಫ್ರಿಜ್ ಇಲ್ಲದಿದ್ದರೆ ಹರವಿಯ ತಣ್ಣೀರಿನಲ್ಲಿ ಹಿಂಡಿದ ದಪ್ಪ ಟವೆಲ್ ಸುತ್ತಿ, ಬಿಸಿಯಾದ ಕೂಡಲೇ ಬದಲಿಸುತ್ತಿರಿ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು ಮಂಜುಗಡ್ಡೆ ಇಡಬಾರದು, ಚರ್ಮ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ಕಾವು ಬೇಡ. ಬಿಸಿ ಇಟ್ಟಿಗೆ, ಬಿಸಿ ಎಣ್ಣೆ ತಿಕ್ಕುವುದು, ಎಕ್ಕದ ಎಲೆ ಬಿಸಿ ಮಾಡಿ ಕಟ್ಟುವುದು, ಬರೆ ಹಾಕಿಸುವುದು, ಇವೆಲ್ಲ ಬಾತ ಕೀಲಿಗೆ ಕೇಡು. ಎಕ್ಕದ ಹಾಲು ಚರ್ಮಕ್ಕೆ ಗುಳ್ಳೆ ಎಬ್ಬಿಸುತ್ತದೆ, ಬರೆಯ ಗಾಯದಿಂದ ಸೋಂಕು ಒಳಗಿಳಿಯಬಹುದು. ಬಾವು ಇಳಿದ ಮೇಲೆ ಬಿಗಿತಕ್ಕೆ ಬಿಸಿನೀರಿನ ಕಾವು ಹಿತ, ಅದಕ್ಕೆ ಅಡ್ಡಿಯಿಲ್ಲ.

ಪೂರ್ತಿ ಹಾಸಿಗೆ ಹಿಡಿಯುವುದೂ ತಪ್ಪು. ಕುಕ್ಕರಗಾಲು, ಚಕ್ಕಳಮಕ್ಕಳ, ಮೆಟ್ಟಿಲು, ತಲೆಹೊರೆ ಇಷ್ಟನ್ನು ಬಿಟ್ಟು ಮನೆಯೊಳಗೆ ಓಡಾಡಿ. ಶೌಚಕ್ಕೆ ನಡುವೆ ತೂತಿರುವ ಪ್ಲಾಸ್ಟಿಕ್ ಕುರ್ಚಿ ಇಟ್ಟುಕೊಳ್ಳಿ. ಕೋಲು ಹಿಡಿಯುವುದಾದರೆ ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಬೇಕು. ಬಹಳ ಜನ ಉಲ್ಟಾ ಹಿಡಿಯುತ್ತಾರೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ನೀರು ತುಂಬಿದ ಮೊಣಕಾಲಿಗೆ ಸ್ವಲ್ಪ ಮಡಚಿದ ಭಂಗಿಯೇ ಹಿತ, ಏಕೆಂದರೆ ಆಗ ಚೀಲದೊಳಗೆ ಜಾಗ ಹೆಚ್ಚು. ಅದಕ್ಕೇ ಮೊಣಕಾಲ ಕೆಳಗೆ ದಿಂಬಿಟ್ಟು ರಾತ್ರಿಯಿಡೀ ಮಲಗುತ್ತಾರೆ. ವಾರಗಟ್ಟಲೆ ಹೀಗೆ ಮಾಡಿದರೆ ಹಿಂಭಾಗದ ಸ್ನಾಯು ಕುಗ್ಗಿ ಕಾಲು ಮತ್ತೆ ನೆಟ್ಟಗಾಗುವುದಿಲ್ಲ. ದಿಂಬನ್ನು ಹಿಮ್ಮಡಿ ಮತ್ತು ಮೀನಖಂಡದ ಕೆಳಗೆ ಇಟ್ಟು ಕಾಲನ್ನು ನೇರವಾಗಿ ಎತ್ತರಿಸಿ.

"ಬೆಳಿಗ್ಗೆ ಬಿಗಿ ಹಿಡಿದಿರತೈತಿ"

ಇಲ್ಲಿ ಗಡಿಯಾರ ನೋಡಿದರೆ ಸಾಕು. ಎದ್ದ ಮೇಲೆ ಕಾಲು ಸಡಿಲಾಗಲು ಎಷ್ಟು ಹೊತ್ತು ಬೇಕು? ಅರ್ಧ ಗಂಟೆಯೊಳಗಾದರೆ ಸವೆತಕ್ಕೆ ಹೊಂದುತ್ತದೆ. ಬಸ್ಸಿನಲ್ಲಿ ಸಿಂಧನೂರಿನಿಂದ ಬಳ್ಳಾರಿಗೆ ಕೂತು ಬಂದು ಇಳಿಯುವಾಗ ಹಿಡಿಯುವ ಬಿಗಿತವೂ ಇದೇ ಜಾತಿಯದು, ಹತ್ತು ಹೆಜ್ಜೆಗೆ ಬಿಡುತ್ತದೆ. ಪ್ರತಿದಿನ ಒಂದು ಗಂಟೆ ಮೀರಿದರೆ, ಅದರಲ್ಲೂ ಕೈಬೆರಳು, ಮಣಿಕಟ್ಟು ಎರಡೂ ಕಡೆ ಬಾತಿದ್ದರೆ, ರುಮಟಾಯ್ಡ್ ಸಂಧಿವಾತದ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ಎರಗುವ ಕಾಯಿಲೆ) ಪರೀಕ್ಷೆ ಬೇಕು. ಅದಕ್ಕೆ ಬೇರೆಯೇ ಔಷಧಿ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು.

ಕಾಲು ಕುಸಿದು ಬಿದ್ದಂತಾಗುವುದು

ಕೀಲಿನೊಳಗೆ 20–30 ಎಂ.ಎಲ್. ದ್ರವ ಸೇರಿದರೂ ಸಾಕು, ತೊಡೆಯ ಮುಂಭಾಗದ ಸ್ನಾಯುವಿಗೆ ನರಗಳ ಆದೇಶ ಕುಂದುತ್ತದೆ. ಆಗ ಮೆಟ್ಟಿಲಿಳಿಯುವಾಗ ಕಾಲು ಕೈಕೊಡುತ್ತದೆ. ಸ್ನಾಯು ಕೆಲಸ ಮಾಡದೆ ಕರಗುತ್ತದೆ, ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ, ಪೊರೆ ಮತ್ತೆ ಕೆರಳುತ್ತದೆ. ಈ ಸುತ್ತನ್ನು ಮುರಿಯುವ ಅಗ್ಗದ ದಾರಿ ವ್ಯಾಯಾಮ. ನೋವು ಕಡಿಮೆಯಾಗಲಿ ಆಮೇಲೆ ಮಾಡೋಣ ಎಂದು ಮುಂದೂಡಿದರೆ ಸ್ನಾಯು ಇನ್ನಷ್ಟು ಸೊರಗುತ್ತದೆ.

ಮೊದಲ ದಿನದಿಂದಲೇ: ಕಾಲು ಚಾಚಿ, ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ ತೊಡೆ ಬಿಗಿ ಮಾಡಿ. ಐದಾರು ಸೆಕೆಂಡ್ ಹಿಡಿದು ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮುಗಿದ ಮೇಲೆ ಟವೆಲ್ ತೆಗೆದುಬಿಡಿ. ಇದು ಸುಲಭವಾದ ಮೇಲೆ, ಇನ್ನೊಂದು ಕಾಲನ್ನು ಮಡಚಿಟ್ಟು, ನೋವಿನ ಕಾಲನ್ನು ನೆಟ್ಟಗೆ ಒಂದು ಅಡಿ ಎತ್ತಿ ಐದು ಸೆಕೆಂಡ್ ಹಿಡಿಯಿರಿ. ಬಾವು ಇಳಿದ ನಂತರ ಎತ್ತರದ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ಬಾವು ಹೆಚ್ಚಿದ್ದರೆ ಎಣಿಕೆಯನ್ನು ಅರ್ಧಕ್ಕಿಳಿಸಿ, ನಿಲ್ಲಿಸಬೇಡಿ.

ಮಡಚಿದ ಕಾಲು ಅಲ್ಲೇ ಸಿಕ್ಕಿಹಾಕಿಕೊಂಡು ಬಿಚ್ಚಲು ಬಾರದಿದ್ದರೆ ವಿಷಯ ಬೇರೆ. ಒಳಗೆ ಮೆತ್ತೆಯಂತಿರುವ ಮೆನಿಸ್ಕಸ್ ಹರಿದಿರಬಹುದು ಅಥವಾ ಸಡಿಲ ಚೂರು ಸಿಕ್ಕಿರಬಹುದು. ಎಳೆದು ಬಿಡಿಸಲು ಹೋಗದೆ ಮೂಳೆ ವೈದ್ಯರಿಗೆ ತೋರಿಸಿ.

ಮೊಣಕಾಲ ಹಿಂದೆ ಗಂಟು, ಮೀನಖಂಡಕ್ಕೆ ಇಳಿದ ನೋವು

ಹೆಚ್ಚಿದ ದ್ರವ ಹಿಂಬದಿಗೆ ಸರಿದು ಅಲ್ಲೊಂದು ಮೆತ್ತನೆಯ ಚೀಲವಾಗುತ್ತದೆ. ಅದು ಒಡೆದರೆ ದ್ರವ ಮೀನಖಂಡಕ್ಕೆ ಇಳಿದು ಬಾವು, ನೋವು ಬರುತ್ತದೆ. ರಕ್ತನಾಳದಲ್ಲಿ ಹೆಪ್ಪುಗಟ್ಟಿದಾಗಲೂ ಕಾಣುವುದು ಹೀಗೆಯೇ. ಕಣ್ಣಂದಾಜಿನಲ್ಲಿ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ, ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಬೇಕು. ಅದಕ್ಕೂ ಮೊದಲು ಯಾರಿಂದಲೂ ಕಾಲು ತಿಕ್ಕಿಸಬೇಡಿ.

ಮೈಯೆಲ್ಲ ನೋವು, ಇಲ್ಲವೇ ತಿಂಗಳುಗಟ್ಟಲೆ ಇಳಿಯದ ಬಾವು

ರಾಯಚೂರು, ಕೊಪ್ಪಳ, ಬಳ್ಳಾರಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಇದನ್ನು ಸವೆತ ಎಂದು ತಳ್ಳಿಹಾಕುವ ಮುಂಚೆ ನಾಲ್ಕು ವಿಷಯ ಕೇಳಿಕೊಳ್ಳಬೇಕು. ಜ್ವರ, ಮೈಮೇಲೆ ದದ್ದು ಬಂದು ಹೋದ ಮೇಲೆ ಕೀಲುನೋವು ಶುರುವಾಯಿತೇ? ಚಿಕುನ್‌ಗುನ್ಯಾ ನೋವು ತಿಂಗಳುಗಟ್ಟಲೆ ಕಾಡುತ್ತದೆ. ಕುರಿ, ಮೇಕೆ ಸಾಕುವವರೇ, ಮರಿ ಹಾಕಿಸುವವರೇ, ಹಸಿ ಹಾಲು ಕುಡಿಯುವವರೇ? ಸಂಜೆಯ ಜ್ವರ, ಬೆವರು, ಸೊಂಟನೋವು ಜೊತೆಗಿದ್ದರೆ ಜಾನುವಾರುಗಳಿಂದ ಹರಡುವ ಬ್ರುಸೆಲ್ಲೋಸಿಸ್ ಸೋಂಕಿನ ರಕ್ತಪರೀಕ್ಷೆ ಮಾಡಿಸಬೇಕು. ಒಂದೇ ಮೊಣಕಾಲು ತಿಂಗಳುಗಳಿಂದ ಬಾತು, ತೊಡೆ ಸೊರಗಿ, ತೂಕ ಇಳಿಯುತ್ತಿದೆಯೇ? ಕೀಲಿನ ಕ್ಷಯ ಇರಬಹುದು, ಅದರಲ್ಲಿ ಬಿಸಿ ಅಷ್ಟಾಗಿ ಇರುವುದಿಲ್ಲ.

ನಾಲ್ಕನೆಯದು ನೀರು. ಈ ಭಾಗದ ಅನೇಕ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಕುಡಿದವರಲ್ಲಿ ಕುತ್ತಿಗೆ, ಬೆನ್ನು ಬಗ್ಗದಂತೆ ಬಿಗಿಯುತ್ತವೆ, ಕೀಲುಗಳು ನೋಯುತ್ತವೆ. ಅಲ್ಲೇ ಹುಟ್ಟಿ ಬೆಳೆದವರ ಹಲ್ಲಿನ ಮೇಲೆ ಕಂದು ಕಲೆ ಕಾಣಬಹುದು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ನೀರಿನ ಪರೀಕ್ಷೆಗೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ.

ಗುಳಿಗೆ, ಮುಲಾಮು: ಎಲ್ಲಿ ಎಡವುತ್ತಾರೆ

ಮೊಣಕಾಲಿಗೆ ಮೊದಲ ಔಷಧಿ ಹಚ್ಚುವುದೇ ಆಗಿರಲಿ. ಡೈಕ್ಲೋಫೆನಾಕ್ 1% ಜೆಲ್ ಒಂದು ಮೊಣಕಾಲಿಗೆ ಒಂದು ಸಲಕ್ಕೆ 4 ಗ್ರಾಂ, ದಿನಕ್ಕೆ ನಾಲ್ಕು ಸಲ. ಕಡಲೆಕಾಳಿನಷ್ಟು ಹಚ್ಚಿ ಕೆಲಸ ಮಾಡಲಿಲ್ಲ ಎನ್ನುವವರೇ ಹೆಚ್ಚು. ಅದರ ಮೇಲೆ ಕಾವು ಕೊಡಬಾರದು, ಬಿಗಿಯಾಗಿ ಪಟ್ಟಿ ಕಟ್ಟಬಾರದು, ಗಾಯವಿದ್ದರೆ ಹಚ್ಚಬಾರದು. ಪ್ಯಾರಾಸಿಟಮಾಲ್ ನೋವಿಗೆ ಸ್ವಲ್ಪ ಆಸರೆ, ಉರಿಯೂತಕ್ಕಲ್ಲ. ದಿನಕ್ಕೆ 3 ಗ್ರಾಂ ಮೀರಬಾರದು, ಮದ್ಯ ಕುಡಿಯುವವರು ಮತ್ತು ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳಬೇಕು.

ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆಗಳು ಪೊರೆಯ ಉರಿಯೂತವನ್ನು ಇಳಿಸುತ್ತವೆ ನಿಜ, ಆದರೆ ಹೊಟ್ಟೆಹುಣ್ಣು, ಹೃದಯ, ಮೂತ್ರಪಿಂಡದ ತೊಂದರೆ, ಬಿಪಿ ಇರುವವರು, ರಕ್ತ ತೆಳು ಮಾಡುವ ಗುಳಿಗೆ ತಿನ್ನುವವರು ತಾವಾಗಿ ತೆಗೆದುಕೊಳ್ಳುವಂತಿಲ್ಲ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುವಾಗ ಅಪಾಯ ಇಮ್ಮಡಿ: ಹೊಲದಲ್ಲಿ ಬೆವರು ಸುರಿದು ಮೈಯಲ್ಲಿ ನೀರು ಕಡಿಮೆಯಾಗಿರುತ್ತದೆ, ಜೊತೆಗೆ ಬಿಪಿ ಗುಳಿಗೆ, ಮೇಲೊಂದು ನೋವಿನ ಗುಳಿಗೆ. ಮೂತ್ರಪಿಂಡ ಒಮ್ಮೆಲೇ ಸೋಲಬಹುದು. ಎರಡು ಅಂಗಡಿಯಿಂದ ತಂದ ಎರಡು ಬಣ್ಣದ ಗುಳಿಗೆಯಲ್ಲಿ ಒಂದೇ ಡೈಕ್ಲೋಫೆನಾಕ್ ಇರುವುದೂ ಸಾಮಾನ್ಯ, ಗುಳಿಗೆ ಪಟ್ಟಿಯ ಹಿಂದಿನ ಹೆಸರು ಓದಿಸಿ. ಮಲ ಕಪ್ಪಗಾದರೆ, ಮೂತ್ರ ಕಡಿಮೆಯಾದರೆ, ಮುಖ ಊದಿದರೆ ಗುಳಿಗೆ ನಿಲ್ಲಿಸಿ ಅದೇ ದಿನ ತೋರಿಸಿ.

ಸಂತೆಯಲ್ಲಿ ಸಿಗುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು. ಎರಡೇ ದಿನದಲ್ಲಿ ನೋವು ಮಾಯ, ಹಸಿವು ಜಾಸ್ತಿ, ತಿಂಗಳಲ್ಲಿ ಮುಖ ದುಂಡಗೆ ಆಗಿದ್ದರೆ ಅನುಮಾನ ಪಡಿ. ವಾರಗಟ್ಟಲೆ ತಿಂದಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪೊಟ್ಟಣ ಸಮೇತ ವೈದ್ಯರ ಬಳಿ ಹೋಗಿ.

ಎರಡು ವಾರವಾದರೂ ಬಾವು ಇಳಿಯದಿದ್ದರೆ

ಮೊದಲು ಎಕ್ಸ್‌ರೇ, ಅದೂ ನಿಂತು ತೆಗೆಸಿದ್ದು. ಮಲಗಿ ತೆಗೆದದ್ದರಲ್ಲಿ ಕೀಲಿನ ಸಂದು ಇರುವುದಕ್ಕಿಂತ ಅಗಲವಾಗಿ ಕಾಣುತ್ತದೆ. ಎಕ್ಸ್‌ರೇ ಮೂಳೆ ತೋರಿಸುತ್ತದೆ, ಪೊರೆಯನ್ನಲ್ಲ. ರಕ್ತದಲ್ಲಿ ಉರಿಯೂತದ ಮಟ್ಟ ಹೇಳುವ ಇ.ಎಸ್.ಆರ್., ಸಿ.ಆರ್.ಪಿ. ನೋಡಿಸಿ: ಸವೆತದ ಉರಿಯೂತದಲ್ಲಿ ಇವು ಸಹಜವಾಗಿ ಅಥವಾ ಸ್ವಲ್ಪವೇ ಹೆಚ್ಚಾಗಿರುತ್ತವೆ, ತುಂಬ ಏರಿದ್ದರೆ ಬೇರೆ ಕಾರಣ ಹುಡುಕಬೇಕು. ರುಮಟಾಯ್ಡ್ ಸಂಧಿವಾತಕ್ಕೆ ನೋಡುವ ಆರ್.ಎ. ಫ್ಯಾಕ್ಟರ್ ಆ ಕಾಯಿಲೆಯಿಲ್ಲದ ವಯಸ್ಸಾದವರಲ್ಲೂ ಪಾಸಿಟಿವ್ ಬರಬಹುದು. ಗೌಟ್ ಉಲ್ಬಣಿಸಿದ ಹೊತ್ತಿನಲ್ಲೇ ಯೂರಿಕ್ ಆಮ್ಲ ಸಹಜ ಕಾಣಬಹುದು. ಒಂದು ಸಂಖ್ಯೆ ನೋಡಿ ನಿರ್ಧಾರ ಮಾಡಬೇಡಿ. ಪೊರೆ ದಪ್ಪಗಾಗಿರುವುದನ್ನು ನೋಡಲು ಅಲ್ಟ್ರಾಸೌಂಡ್ ಸಾಕು, ಎಂ.ಆರ್.ಐ. ಖರ್ಚು ಎಲ್ಲರಿಗೂ ಬೇಕಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಹೇಳುವುದು ಕೀಲಿನಿಂದ ತೆಗೆದ ದ್ರವ. ಸೂಜಿಯಿಂದ ನೀರು ತೆಗೆದು ಬಿಸಾಕಿ ಕಳಿಸುವುದನ್ನು ಒಪ್ಪಬೇಡಿ, ಪರೀಕ್ಷೆಗೆ ಕಳಿಸಿ ಎಂದು ಕೇಳಿ. ಸವೆತದ ದ್ರವ ತಿಳಿಹಳದಿ, ಗಾಜಿನ ಕೊಳವೆಯ ಆಚೆಗಿನ ಅಕ್ಷರ ಓದುವಷ್ಟು ತಿಳಿ, ಹನಿಸಿದರೆ ಎಳೆಎಳೆಯಾಗಿ ಇಳಿಯುತ್ತದೆ. ಬಿಳಿ ರಕ್ತಕಣಗಳು ಘನ ಮಿಲಿಮೀಟರಿಗೆ 2,000ಕ್ಕಿಂತ ಕಡಿಮೆ. 50,000 ದಾಟಿದರೆ ಕೀವೆಂದೇ ಭಾವಿಸಿ ಚಿಕಿತ್ಸೆ ಶುರುಮಾಡುತ್ತಾರೆ, ಅದಕ್ಕಿಂತ ಕಡಿಮೆ ಇದ್ದ ಮಾತ್ರಕ್ಕೆ ಸೋಂಕಿಲ್ಲ ಎನ್ನಲಾಗದು, ದ್ರವದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ವರದಿ ಬರಬೇಕು. ಹರಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಸ್ಟಿರಾಯ್ಡ್ ಇಂಜೆಕ್ಷನ್ ಹೇಳಿದರೆ

ಸೋಂಕಿಲ್ಲ ಎಂದು ಖಚಿತವಾದ ಮೇಲೆ, ಬಾವು ಇರುವ ಕೀಲಿಗೆ ಇದು ಉಪಯುಕ್ತ. ಸಾಮಾನ್ಯವಾಗಿ ಮೊದಲು ದ್ರವ ತೆಗೆದು ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡ್ 40 ಮಿಲಿಗ್ರಾಂ ಹಾಕುತ್ತಾರೆ. ಕೆಲವು ವಾರ ಹಾಯೆನಿಸುತ್ತದೆ. ಆ ವಾರಗಳಲ್ಲಿ ತೊಡೆಯ ವ್ಯಾಯಾಮ ಮಾಡಿಕೊಂಡವರಿಗೆ ಲಾಭ, ಹಾಯಾಯಿತೆಂದು ಮತ್ತೆ ಕುಕ್ಕರಗಾಲಲ್ಲಿ ಕೂತವರಿಗೆ ನೋವು ಬೇಗ ಮರಳುತ್ತದೆ. ತೂಕ ಇಳಿಸಲೂ ಇದೇ ಹೊತ್ತು: ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕೆ.ಜಿ. ಭಾರ ಕಡಿಮೆ.

ಎರಡು ಇಂಜೆಕ್ಷನ್ ನಡುವೆ ಕನಿಷ್ಠ ಮೂರು ತಿಂಗಳ ಅಂತರವಿರಲಿ, ಅಂದಮಾತ್ರಕ್ಕೆ ಮೂರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸಿಕೊಳ್ಳುವುದೂ ಸರಿಯಲ್ಲ. ಎರಡು ವರ್ಷ ಹಾಗೆ ಕೊಟ್ಟು ನೋಡಿದ, 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉಪ್ಪುನೀರಿನ ಇಂಜೆಕ್ಷನ್ ಪಡೆದವರಿಗಿಂತ ನೋವೇನೂ ಕಡಿಮೆಯಾಗಲಿಲ್ಲ, ಮೃದ್ವಸ್ಥಿ ಮಾತ್ರ ಹೆಚ್ಚು ಸವೆದಿತ್ತು. ಮೂರು ತಿಂಗಳೊಳಗೆ ಕೀಲು ಬದಲಿ ಶಸ್ತ್ರಚಿಕಿತ್ಸೆ ಇದ್ದರೆ ಹಾಕಿಸಬೇಡಿ. ಹಾಕುವವರು ತರಬೇತಾದ ವೈದ್ಯರೇ ಆಗಿರಬೇಕು, ಹೊಸ ಸೂಜಿ, ಕೈಗವಸು, ಚರ್ಮ ಒರೆಸುವ ಔಷಧಿ ಕಣ್ಣೆದುರೇ ಬಿಚ್ಚಬೇಕು. ಮನೆಗೆ ಬಂದು ಮೊಣಕಾಲಿಗೆ ಚುಚ್ಚುವವರಿಗೆ ಕಾಲು ಕೊಡಬೇಡಿ.

ಹಾಕಿಸಿಕೊಂಡ ಮೇಲೆ ಒಂದೆರಡು ದಿನ ಭಾರದ ಕೆಲಸ ಬೇಡ. ಸಕ್ಕರೆ ಕಾಯಿಲೆಯವರಲ್ಲಿ ಒಂದು ವಾರದವರೆಗೂ ಸಕ್ಕರೆ ಏರಿರಬಹುದು, ಆ ವಾರ ದಿನವೂ ಪರೀಕ್ಷಿಸಿ. ಮೊದಲ ಎರಡು ದಿನ ನೋವು ಸ್ವಲ್ಪ ಹೆಚ್ಚಾಗಿ ತಾನಾಗಿ ಇಳಿಯುವುದುಂಟು. ಮೂರನೇ ದಿನವೂ ನೋವು ಏರುತ್ತಲೇ ಇದ್ದರೆ, ಕೀಲು ಕೆಂಪಾದರೆ, ಜ್ವರ ಬಂದರೆ ಇಂಜೆಕ್ಷನ್ ಹಾಕಿದ ಚೀಟಿ ಹಿಡಿದು ಅದೇ ದಿನ ಆಸ್ಪತ್ರೆಗೆ ವಾಪಸ್ ಹೋಗಿ, ಆಂಟಿಬಯಾಟಿಕ್ ಶುರುಮಾಡುವ ಮೊದಲು ಕೀಲಿನ ದ್ರವ ತೆಗೆದು ಕಲ್ಚರ್‌ಗೆ ಕಳಿಸಲು ಹೇಳಿ.